ಗಾಜಿಲ್ಲದ ಗಡಿಯಾರ

ನಾನು ಕೀಲಿ ಕೊಟ್ಟರೆ ನಡೆಯುವ, ಹೊತ್ತಿಗೆ ಸರಿಯಾಗಿ ಕಿರುಚಿಕೊಳ್ಳುವ ಒಂದು ಅಲಾರಂ ಗಡಿಯಾರ. ಯಾವುದೋ ದೂರದ ಕಾರ್ಖಾನೆಯಲ್ಲಿ ಒಂದೇ ಅಚ್ಚಿನ ಅಣ್ಣತಮ್ಮಂದಿರ ನಡುವೆ ಹುಟ್ಟಿದೆ. ಹಾಲಿನಂಥ ಬಿಳಿ ಮುಖ, ದುಂಡನೆಯ ಕಪ್ಪು ಅಂಕಿಗಳು. ನನ್ನ ಚೆಲುವನ್ನು ನಾನೇ ಹೇಳಿಕೊಂಡೆನೆಂದು ನಗಬೇಡಿ. ನಿದ್ದೆ ಕೆಡಿಸುವವನನ್ನು ಬೇರೆ ಯಾರು ಹೊಗಳುತ್ತಾರೆ?

ಗದಗಿನಲ್ಲಿ ಖಾನಾವಳಿ ನಡೆಸುತ್ತಿದ್ದ ಫಕೀರಪ್ಪ ನನ್ನ ಮೊದಲ ಯಜಮಾನ. ನಸುಕಿನಲ್ಲೇ ಎದ್ದು ಒಲೆ ಹೊತ್ತಿಸುವವನು. ನಾನು ಕೂಗಿದಾಗಲೆಲ್ಲ ನನ್ನ ನೆತ್ತಿಗೆ ರಪ್ಪನೆ ಒಂದು ಬಿಗಿದು ಬಾಯಿ ಮುಚ್ಚಿಸುತ್ತಿದ್ದ. ಅವನ ಬೋರ್ಡು ಬರೆಯಲು ಬಂದ ಪೇಂಟರ್ ಮೌನೇಶಪ್ಪ ಮಾತ್ರ ಬ್ರಷ್ಷು ಹಿಡಿದುಕೊಂಡೇ ನನ್ನೆದುರು ನಿಂತುಬಿಟ್ಟ.

"ಈ ಅಂಕಿ ಬರದಾವನ ಕೈ ಏನ್ ಚಂದ ಐತ್ರೀ!" ಎಂದ.

ಅದುವರೆಗೆ ನನ್ನನ್ನು ಹೊತ್ತಿಗಾಗಿ ನೋಡಿದವರೇ ಎಲ್ಲರೂ, ನನಗಾಗಿ ನೋಡಿದವನು ಅವನೊಬ್ಬ. ಬೋರ್ಡು ಕಂಡು ಹಿಗ್ಗಿದ ಫಕೀರಪ್ಪ, "ಒಯ್ಯೋ ಮಾರಾಯಾ, ಇದರ ಕಾಟ ಸಾಕಾಗೇತಿ" ಎಂದು ನನ್ನನ್ನು ಅವನ ಕೈಯಲ್ಲಿಟ್ಟ. ನಾನೂ ಖುಷಿಯಿಂದಲೇ ಹೊರಟೆ.

ಕೆಲವು ವರ್ಷ ಕಳೆದವು. ಮೌನೇಶಪ್ಪನ ಕಣ್ಣು ಮಂಜಾಗತೊಡಗಿತು. ಮೊದಲು ಬೋರ್ಡಿನ ಅಂಚು ಕಾಣದಾಯಿತು, ಆಮೇಲೆ ಅಕ್ಷರ, ಕೊನೆಗೆ ಗೋಡೆಯೇ ಕಾಣದಾಯಿತು. ಹುಬ್ಬಳ್ಳಿಯ ಡಾಕ್ಟರೂ ಕೈಚೆಲ್ಲಿದರು. ಒಂದು ದಿನ ಅವನು ತಡವರಿಸುತ್ತ ನನ್ನ ಮುಖದ ಗಾಜನ್ನು ಬಿಚ್ಚಿ ತೆಗೆದ. ಅಂದಿನಿಂದ ಬೆರಳಿನಲ್ಲಿ ನನ್ನ ಮುಳ್ಳುಗಳನ್ನು ಸವರಿಯೇ ಅವನು ಹೊತ್ತು ತಿಳಿಯುತ್ತಿದ್ದ. ಬಿಳಿ ಮುಖಕ್ಕೆ ಜಿಡ್ಡು ಹತ್ತಿತು. ನನಗೇನೂ ಬೇಸರವಾಗಲಿಲ್ಲ.

ಬಣ್ಣದ ಡಬ್ಬಿಗಳು ಅಟ್ಟ ಸೇರಿದವು. ಅವನು ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿತ. ಮಗಳು ಹುಟ್ಟಿದ್ದು ಆಮೇಲೆ. ಹೆಸರಿನಲ್ಲಾದರೂ ಬಣ್ಣವಿರಲಿ ಎಂದು ನೀಲಾ ಎಂದು ಕರೆದ. ಅವಳ ನಡಿಗೆ, ಕೆಮ್ಮು, ಸಿಟ್ಟು ಎಲ್ಲ ಅವನಿಗೆ ಗೊತ್ತು. ಗೊತ್ತಿಲ್ಲದ್ದು ಮುಖ ಒಂದೇ.

ವಿಚಿತ್ರವೆಂದರೆ ಕನಸಿನಲ್ಲಿ ಅವನ ಕಣ್ಣು ಚೆನ್ನಾಗಿಯೇ ಇತ್ತು. ಕೆಂಪು ಬಸ್ಸು, ಎಮ್ಮೆ, ತಾನೇ ಬರೆದ ಹಳೆಯ ಬೋರ್ಡು ಎಲ್ಲ ಕಾಣುತ್ತಿದ್ದವು. ಆದರೆ ಅದು ಕನಸು ಎಂಬುದು ಅಲ್ಲಿ ತಿಳಿಯುತ್ತಿರಲಿಲ್ಲ.

"ಮಗಳು ಬಾಜೂಕ ನಿಂತಿದ್ಲು, ನಾ ಗ್ವಾಡಿ ನೋಡ್ಕೊಂತ ನಿಂತಿದ್ದೆ. ಎಂಥಾ ಹುಚ್ಚ ನಾ!" ಎಂದು ಬೆಳಿಗ್ಗೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದ.

ನೀಲಾಳ ಮದುವೆ ರಾಣೆಬೆನ್ನೂರಿನ ಹುಡುಗನೊಂದಿಗೆ ಗೊತ್ತಾದ ಮೇಲೆ ಈ ಹಂಬಲ ಅವನನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಮಗಳು ಹೊಸಿಲು ದಾಟುವ ಮೊದಲು ಒಮ್ಮೆ ಅವಳ ಮುಖ ನೋಡಬೇಕು. ಆಗ ಹೆಂಡತಿ ಕಾಳವ್ವನ ತಮ್ಮ ಈರಣ್ಣ, ವಾರಪತ್ರಿಕೆ ಓದಿ ಹೇಳುವಾಗ ಒಂದು ಸಂಗತಿ ಹೇಳಿದ. ಕನಸಿನೊಳಗೇ ಎಚ್ಚರವಾಗಿದ್ದು ಬೇಕಾದ್ದನ್ನು ನೋಡುವವರಿದ್ದಾರಂತೆ. ನಸುಕಿನಲ್ಲಿ ನಿದ್ದೆ ಮುರಿದು ಎದ್ದು ಕೂತು, ಬೇಕಾದ್ದನ್ನು ನೆನೆಯುತ್ತ ಮತ್ತೆ ಮಲಗಬೇಕಂತೆ. ಇದು ಕನಸೋ ನನಸೋ ಎಂದು ಹಗಲೆಲ್ಲ ಕೇಳಿಕೊಳ್ಳುತ್ತಿದ್ದರೆ ಕನಸಿನಲ್ಲೂ ಆ ಪ್ರಶ್ನೆ ಎದ್ದೀತಂತೆ.

"ಮಾವಾ, ನಿಮಗಂತೂ ಭಾಳ ಸರಳ. ಕಣ್ಣ ಕಂಡ್ರ ಕನಸು, ಕಾಣದಿದ್ರ ಎಚ್ಚರ" ಎಂದ ಈರಣ್ಣ.

ಅಲ್ಲಿಂದ ನನಗೆ ಹೊಸ ಚಾಕರಿ. ನಸುಕಿನಲ್ಲಿ ಕೂಗುತ್ತಿದ್ದೆ. ಮೌನೇಶಪ್ಪ ಅಂಗೈಯಿಂದ ಮೆತ್ತಗೆ ಸುಮ್ಮನಾಗಿಸಿ, ಗೋಡೆಗೊರಗಿ ಏನೋ ಮಣಮಣ ಅಂದುಕೊಂಡು ಮತ್ತೆ ಅಡ್ಡಾಗುತ್ತಿದ್ದ. ಎಬ್ಬಿಸುವುದು ಗೊತ್ತಿದ್ದ ನನಗೆ, ಮಲಗಲೆಂದೇ ಏಳುವವನನ್ನು ಕಂಡು ನಗು ಬರುತ್ತಿತ್ತು.

ಹಗಲಿನ ಮಾತು ಬೇರೆ. ಬೆತ್ತ ಎಳೆಯುವಾಗ, ರೊಟ್ಟಿ ಮುರಿಯುವಾಗ, ನೀರು ಕುಡಿಯುವಾಗ ತನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದ: "ಕಾಣಸ್ತೈತೇನು? ಇಲ್ಲ." ಆ ಮನೆಯಲ್ಲಿ ಕಣ್ಣಿನ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಈಗ ದಿನವಿಡೀ ಅದೇ. ಒಂದು ಮಧ್ಯಾಹ್ನ ಕಾಳವ್ವ ಕೈಯಲ್ಲಿದ್ದ ತಾಟನ್ನು ಕುಕ್ಕಿ ಕೂತಳು.

"ಸಾಕ್ ಮಾಡ್ರೀ! ಆರಿದ ಗಾಯ ಯಾಕ ಕೆರ್ಕೊಂತೀರಿ? ಆ 'ಇಲ್ಲ' ಅನ್ನೂದನ್ನ ದಿನಾ ಎಷ್ಟ ಸಲ ಕೇಳ್ಲಿ ನಾ?"

ಅವನು ತಲೆ ತಗ್ಗಿಸಿದ. ಆದರೆ ಬಿಡಲಿಲ್ಲ.

ಒಂದು ಬೆಳಿಗ್ಗೆ ಎದ್ದವನೇ ನಕ್ಕ. ನಗುತ್ತ ನಗುತ್ತ ಅತ್ತುಬಿಟ್ಟ. ಕನಸಿನಲ್ಲಿ ಬೀದಿ, ಬಿಸಿಲು, ಮಗಳ ಸೆರಗು ಎಲ್ಲ ಕಾಣುತ್ತಿತ್ತಂತೆ. "ಕಾಣಸ್ತೈತೇನು" ಎಂದು ಕೇಳಿಯೂ ಕೇಳಿಕೊಂಡನಂತೆ.

"ಕಣ್ತುಂಬ ಕಾಣಾಕತ್ತಿತ್ತು. ಹಗಲೆಲ್ಲಾ ಅಂದಂದು ರೂಢಿ ಬಿದ್ದಿತ್ತು ನೋಡು, 'ಇಲ್ಲ' ಅಂದ್ಬಿಟ್ಟೆ!"

ನೀಲಾ ಅಪ್ಪನ ಪಕ್ಕ ಕೂತು ಎಲ್ಲ ಕೇಳಿದಳು. ಆಮೇಲೆ ನನ್ನನ್ನು ತಂದು ಅವನ ತೊಡೆಯ ಮೇಲಿಟ್ಟಳು. "ಅಪ್ಪಾ, ಇನ್ನ ಹಂಗ ಕೇಳ್ಕೋಬ್ಯಾಡ. ಗಡಿಯಾರಕ್ಕ ಬೆರಳ ಹಚ್ಚು. ಹಚ್ಚೂದಕ್ಕಿಂತ ಮೊದಲ ಹೊತ್ತು ಗೊತ್ತಾತಂದ್ರ, ಅದು ಕನಸು."

ಮನೆಯಲ್ಲಿ 'ಇಲ್ಲ' ಎಂಬ ಮಾತು ನಿಂತಿತು. ಅವನ ಬೆರಳು ಹೊತ್ತುಹೊತ್ತಿಗೂ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಮದುವೆ ಹತ್ತಿರ ಬಂದು ಮನೆಯಲ್ಲಿ ಹಪ್ಪಳ, ಸಂಡಿಗೆ ಒಣಗುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಮೌನೇಶಪ್ಪ "ನೀಲಾ!" ಎಂದು ಕೂಗಿ ಎದ್ದ. ತಾಯಿ ಮಗಳು ಇಬ್ಬರೂ ಓಡಿ ಬಂದರು.

"ಗಡಿಯಾರ ಕಂಡೆ! ಅದ ಬಿಳೇ ಮುಖ, ಅದ ಅಂಕಿ. ಬೆರಳ ಇನ್ನೂ ಹಚ್ಚಿದ್ದಿಲ್ಲ. ಇದು ಕನಸು ಅಂತ ಗೊತ್ತಾಗಿ ಹೊಳ್ಳಿ ನೋಡಿದೆ. ಬಾಗಲದಾಗ ನೀ ನಿಂತಿದ್ದಿ. ಅಗಲ ಹಣಿ, ಕೂಡಿದ ಹುಬ್ಬು, ಗದ್ದದ ಮ್ಯಾಲ ಒಂದು ಹಸರ ಹಚ್ಚಿ ಚುಕ್ಕಿ. ಕಣ್ಣ ಪಿಳಕಿಸದಂಗ ನೋಡಿದೆ. ನೀ ಹಂಗ ಅದೀ, ಹೌದಿಲ್ಲೋ?"

ಅವನ ಕನಸಿನೊಳಗೆ ನಾನೂ ಹೋಗಿದ್ದೆನೆಂದು ಹಿಗ್ಗಬೇಕಿತ್ತು. ಹಿಗ್ಗಲಾಗಲಿಲ್ಲ. ನೀಲಾಳ ಮುಖವನ್ನು ಹುಟ್ಟಿದಂದಿನಿಂದ ನೋಡಿದವನು ನಾನು. ಅವಳದು ಕಿರಿದಾದ ಹಣೆ. ಹುಬ್ಬು ತೆಳುವು, ಒಂದಕ್ಕೊಂದು ದೂರ. ಗದ್ದದ ಮೇಲೆ ಏನೂ ಇಲ್ಲ. ಅವನು ಹೇಳಿದ್ದು ತೀರಿಹೋದ ಅವನ ತಾಯಿಯ ಮುಖ; ಆ ಮನೆಗೆ ಬಂದ ಹೊಸದರಲ್ಲಿ ನಾನು ಕಂಡಿದ್ದ ಮುಖ.

ಕಾಳವ್ವನಿಗೂ ಅದು ತಿಳಿಯಿತು. ಏನೋ ಹೇಳಲು ಬಾಯಿ ತೆರೆದಳು. ನೀಲಾ ಅವಳ ತೋಳನ್ನು ಒತ್ತಿ ಹಿಡಿದಳು.

"ಹೌದಪ್ಪಾ. ಹಂಗ ಅದೀನಿ."

ಅಂದಿನಿಂದ ಮೌನೇಶಪ್ಪ ನನಗೆ ಅಲಾರಂ ಇಡಲಿಲ್ಲ. ಬಂದ ನೆಂಟರಿಗೆಲ್ಲ ಮಗಳ ಮುಖ ಬಣ್ಣಿಸುತ್ತಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೌದು ಎನ್ನುತ್ತಿದ್ದರು. ಅವನು ಅಷ್ಟು ಸುಖವಾಗಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನನಗೆ ಮಾತ್ರ ಸಂಕಟವಾಗುತ್ತಿತ್ತು.

ಮದುವೆಗೆ ಕೆಲವು ದಿನ ಮುಂಚೆ, ಹಚ್ಚೆ ಹಾಕುವ ಮುದುಕಿಯೊಬ್ಬಳು ಓಣಿಯಲ್ಲಿ ಕೂಗುತ್ತ ಬಂದಳು. ನೀಲಾ ಅವಳನ್ನು ಒಳಗೆ ಕರೆದಳು. ಕಾಳವ್ವ ಗಾಬರಿಯಾದಳು.

"ಲಗ್ನ ಇಟ್ಕೊಂಡು ಇದೇನ? ಈಗಿನ ಹುಡುಗ್ಯಾರು ಯಾರು ಮಾರಿಗೆ ಹಚ್ಚಿ ಹಾಕಿಸ್ಕೊಂತಾರ?"

"ಹಣಿ ಬದಲ ಮಾಡಾಕ ಬರಂಗಿಲ್ಲಬೇ. ಚುಕ್ಕಿ ಆದ್ರೂ ಇರ್ಲಿ."

ಸೂಜಿ ಗದ್ದ ಚುಚ್ಚುವಾಗ ಅವಳು ತುಟಿ ಕಚ್ಚಿಕೊಂಡಳು. ಯಾರು ಬಂದಾರ ಎಂದು ಪಡಸಾಲೆಯಿಂದ ಅಪ್ಪ ಕೇಳಿದ. "ಬಳಿಗಾರಾಕಿ" ಎಂದಳು. ಅವನಿಗೆ ಕೊನೆಯವರೆಗೂ ಅದನ್ನು ಹೇಳಲಿಲ್ಲ.

ಮೌನೇಶಪ್ಪ ತೀರಿಕೊಂಡ ಮೇಲೆ ಅವಳೊಂದಿಗೆ ನಾನೂ ರಾಣೆಬೆನ್ನೂರಿಗೆ ಬಂದೆ. ಅದಾಗಿ ಬಹಳ ಕಾಲವಾಯಿತು. ನನ್ನ ಸ್ಪ್ರಿಂಗೂ ಹರಿದು, ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನ ಭರಣಿಯ ಹಿಂದೆ ಕೂತಿದ್ದೇನೆ. ನನ್ನ ಮುಖವನ್ನು ಬೆರಳಿನಿಂದ ಸವರುವವರು ಈಗ ಯಾರೂ ಇಲ್ಲ. ನಿಂತ ಮುಳ್ಳುಗಳ ಮೇಲೆ ಆ ಕೈ ಇನ್ನೊಮ್ಮೆ ಬರಲಿ ಎಂದು ನನಗೆ ಆಸೆಯಾಗುತ್ತದೆ.

ಮೊನ್ನೆ ನೀಲಾಳ ಮೊಮ್ಮಗಳು ಅವಳ ಗದ್ದ ಹಿಡಿದು ಕೇಳಿದಳು. "ಇದೇನಬೇ ಅಮ್ಮಾ, ಹಸರ ಚುಕ್ಕಿ?"

"ನಮ್ಮಪ್ಪ ನನ್ನ ಮಾರಿ ಮ್ಯಾಲ ಕಂಡಿದ್ದು."

"ನಿಮ್ಮಪ್ಪಗ ಕಣ್ಣ ಕಾಣ್ತಿದ್ದಿಲ್ಲಂತಲ್ಲ?"

ನೀಲಾ ಮಗುವಿನ ಬೆರಳನ್ನು ಹಾಗೆಯೇ ಗದ್ದದ ಮೇಲೆ ಹಿಡಿದುಕೊಂಡಳು.

"ಇದೊಂದು ಕಂಡಿತ್ತವ್ವಾ" ಎಂದಳು.