ಹೇರು ಎತ್ತಿಕೊಟ್ಟವನ ಹೆಸರು

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ಪುಟ್ಟಮಾದುವಿನ ಮನೆ ಕಡೆ ಹೊರಟ ಶಾಂತರಾಜು ಮೇಷ್ಟ್ರಿಗೆ ಕಾಲು ಮುಂದಕ್ಕೆ ಹೋದರೆ ಮನಸ್ಸು ಹಿಂದಕ್ಕೆ ಎಳೆಯುತ್ತಿತ್ತು. ಎಳೆಯದೆ ಏನು! ಮಾಡಿದ ಕೆಲಸ ಅಂಥದು.

ಚಾಮರಾಜನಗರ ಜಿಲ್ಲೆಯಾದ ವರ್ಷ ಅದು. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು 'ಹೇರು' ಎಂಬ ಪದದ ಮೇಲೆ ಪತ್ರಿಕೆಗೊಂದು ಲೇಖನ ಬರೆದಿದ್ದರು. ನಿಘಂಟು ಎತ್ತಿನ ಬೆನ್ನಿಗೇರಿಸುವ ಸರಕು ಎಂದು ಹೇಳಿ ಸುಮ್ಮನಾಗಿತ್ತು. ಕಾವ್ಯದಲ್ಲಿ ದುಃಖವೂ ಹೇರಾಗುತ್ತದೆ ಎಂದು ಮೇಷ್ಟ್ರು ಸೇರಿಸಿದರು. ಆದರೆ ಲೇಖನಕ್ಕೆ ಜೀವ ಕೊಟ್ಟವನು ಪುಟ್ಟಮಾದು. ವಯಸ್ಸಿನಲ್ಲಿ ಎತ್ತುಗಳ ಮೇಲೆ ರಾಗಿ ಹೇರಿಕೊಂಡು ಕಾಡು ದಾಟಿ ವಯನಾಡಿಗೆ ಹೋಗಿ ಬಂದವನು. ಅವನ ಜನರಲ್ಲೊಂದು ಕಟ್ಟಳೆ: ಹೇರು ಎತ್ತಿಕೊಟ್ಟವನ ಹೆಸರನ್ನು ಗಟ್ಟಿಯಾಗಿ ಕೂಗದೆ ಎತ್ತನ್ನು ಹೊರಡಿಸಬಾರದು.

ಮೇಷ್ಟ್ರು ಈ ಕಟ್ಟಳೆಯ ಬಗ್ಗೆ ಎರಡು ಪ್ಯಾರಾ ಬರೆದರು. ಹೇಳಿದವನ ಹೆಸರನ್ನು ಮಾತ್ರ ಬರೆಯಲಿಲ್ಲ. 'ನನ್ನ ಸಂಶೋಧನೆಯಿಂದ ತಿಳಿದಂತೆ' ಎಂದುಬಿಟ್ಟರು. ಓದಿದವರು ಭೇಷ್ ಎಂದಾಗ ಹಲ್ಲು ಕಿರಿದದ್ದೂ ಉಂಟು. ಆಮೇಲೆ ಮಾಡಿದ್ದು ತಪ್ಪೆಂದು ಅನ್ನಿಸಿತು. ತಪ್ಪೊಪ್ಪಿಕೊಂಡು ಬರೋಣವೆಂದೇ ಇವತ್ತು ಹೊರಟಿದ್ದರು.

ಜಗುಲಿಯಲ್ಲಿ ಕೂತಿದ್ದ ಮುದುಕ ಪುಟ್ಟಮಾದು ಮೇಷ್ಟ್ರ ಕೈಯಲ್ಲಿ ಪತ್ರಿಕೆ ಕಂಡದ್ದೇ ಹೆಂಡತಿಯನ್ನು ಕೂಗಿದ. "ಸುಂದ್ರಮ್ಮೀ, ಬಾ ಇಲ್ಲಿ! ಮೇಷ್ಟ್ರು ನನ್ನೆಸ್ರ ಪೇಪರ್‌ಗೆ ಆಕ್ಬುಟ್ಟವ್ರೆ ಕಣಮ್ಮಿ! ಓದಿ ಸಾ, ಓದಿ."

ಆ ಮುಖ ನೋಡಿ ಮೇಷ್ಟ್ರ ಬಾಯಿಗೆ ಬಂದ ಮಾತು ಹೊಟ್ಟೆಗೆ ವಾಪಸ್ಸಾಯಿತು. ಓದಿದರು. ಇಲ್ಲದ ಕಡೆಯಲ್ಲೆಲ್ಲ 'ಪುಟ್ಟಮಾದು ಹೇಳಿದಂತೆ' ಎಂದು ಸೇರಿಸಿಕೊಂಡು ಓದಿದರು, ಪುಣ್ಯಾತ್ಮ!

"ಎಲ್ಲದೆ ಸಾ ನನ್ನೆಸ್ರು? ವಸಿ ತೋರ್ಸಿ, ಮುಟ್ ನೋಡ್ತೀನಿ." ಅಕ್ಷರ ಬಾರದ ಮುದುಕ ಬೆರಳು ಚಾಚಿದ.

ಇಡೀ ಲೇಖನದಲ್ಲಿ ಇದ್ದದ್ದು ಒಂದೇ ಹೆಸರು. ಮೇಷ್ಟ್ರು ಆ ಬೆರಳು ಹಿಡಿದು ತಮ್ಮ ಹೆಸರಿನ ಮೇಲೇ ಇಟ್ಟರು.

ಮುದುಕ ಮೆಲ್ಲಗೆ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡ. "ನನ್ನೇರು ಎತ್ಕೊಟ್ಟೋರು ನೀವು. ಕೂಗ್ದೆ ಬುಡಕ್ಕಾದದಾ?" ಎನ್ನುತ್ತ ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದ.

"ಶಾಂತರಾಜಪ್ಪೋ!"

ಅಕ್ಕಪಕ್ಕದವರು ಹೊರಗೆ ಬಂದರು. ತಪ್ಪೊಪ್ಪಿಕೊಳ್ಳಲು ಬಂದಿದ್ದ ಮೇಷ್ಟ್ರು ಎದ್ದು ಅವರಿಗೆಲ್ಲ ಕೈಮುಗಿದರು.