ಬ್ರೇಕ್ ಮೇಷ್ಟ್ರ ಮಗಳ ಓದು

ಮಾನವಶಾಸ್ತ್ರದ ಎಂ.ಎ.ಯನ್ನು ಕೊನೆಯ ವರ್ಷದಲ್ಲಿ ಕೈಬಿಡುವುದೆಂದು ಯಾಕಮ್ಮ ತೀರ್ಮಾನಿಸಿದ್ದು ಒಂದು ಸೋಫಾ ಅಂಗಡಿಯಲ್ಲಿ.

ಯಾಕಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಮಾತು ಕಲಿತಾಗಿನಿಂದ ಕಂಡಕಂಡದ್ದಕ್ಕೆಲ್ಲ "ಯಾಕೆ?" ಎನ್ನುತ್ತಿದ್ದ ಮಗುವಿಗೆ ಸೋದರಮಾವ ತಮಾಷೆಗೆ ಇಟ್ಟದ್ದು. ಮನೆಯಲ್ಲಿ ಅದೇ ನಿಂತುಬಿಟ್ಟಿತ್ತು. ಆ ದಿನ ಅವಳು ಅಮ್ಮನ ಜೊತೆ ಹೊಸ ಹಾಸಿಗೆ ನೋಡಲು ಹೋಗಿದ್ದಳು. ಅಲ್ಲಿ ಅಂಗಡಿಯ ಸಮವಸ್ತ್ರ ತೊಟ್ಟು, ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ಎದುರಿಗೆ ಬಂದವಳು ಅವಳದೇ ಎಂ.ಎ. ವಿಭಾಗದ ಸೀನಿಯರ್. ಎರಡು ವರ್ಷದ ಹಿಂದೆ ಇಡೀ ತರಗತಿಗೆ ಮೊದಲಿಗಳಾಗಿದ್ದವಳು.

"ಓದು ಚೆನ್ನಾಗಿತ್ತು ಕಣೇ, ಅದರ ಬಗ್ಗೆ ಎರಡು ಮಾತಿಲ್ಲ," ಎಂದಳು ಸೀನಿಯರ್, ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ ತೋರಿಸುತ್ತ. "ಕೆಲಸ ಮಾತ್ರ ಎಲ್ಲೂ ಇಲ್ಲ. ಆಂಟಿ, ಇದು ಬೆನ್ನಿಗೆ ತುಂಬ ಒಳ್ಳೇದು, ಒಂದ್ಸಲ ಮಲಗಿ ನೋಡಿ."

ಅಮ್ಮ ಮಲಗಿ ನೋಡಿದಳು. ಯಾಕಮ್ಮ ಪಕ್ಕದಲ್ಲಿ ನಿಂತು ತನ್ನ ಮುಂದಿನ ಜೀವನವನ್ನು ನೋಡಿದಳು. ಮನೆಗೆ ಬಂದವಳೇ, "ನಾನು ಇನ್ನು ಕಾಲೇಜಿಗೆ ಹೋಗಲ್ಲ" ಎಂದಳು.

ಮನೆಯೆಂದರೆ ಕೆಳಗೆ ಡ್ರೈವಿಂಗ್ ಸ್ಕೂಲು, ಮೇಲೆ ವಾಸ. ಅಪ್ಪ ಗಾಡಿ ಕಲಿಸುವವನು. ಊರಿನ ಅರ್ಧ ಜನ ಅವನ ಕೈಯಲ್ಲೇ ಸ್ಟಿಯರಿಂಗ್ ಹಿಡಿದವರು. ಕಲಿಸುವ ಕಾರಿನಲ್ಲಿ ಅವನ ಕಾಲ ಬುಡದಲ್ಲೂ ಒಂದು ಬ್ರೇಕ್ ಇತ್ತು. ಕಲಿಯುವವರು ಯೋಚಿಸುವ ಮುಂಚೆಯೇ ಅವನು ಅದನ್ನು ಒತ್ತಿರುತ್ತಿದ್ದ. ಹಾಗಾಗಿ ಬೀದಿಯಲ್ಲೆಲ್ಲ ಅವನು ಬ್ರೇಕ್ ಮೇಷ್ಟ್ರು. ಅವನ ಗಾಡಿಗೆ ಇದುವರೆಗೆ ಒಂದು ಗೀರೂ ಬಿದ್ದಿಲ್ಲವೆಂಬುದು ಅವನ ದೊಡ್ಡ ಹೆಮ್ಮೆ. ಅಮ್ಮ ಕೆಳಗಿನ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ರಸ್ತೆಯ ಚಿಹ್ನೆಗಳನ್ನು ಪಾಠ ಮಾಡುತ್ತಿದ್ದಳು. ಕೆಂಪು ವೃತ್ತ, ಕೆಂಪು ಅಂಚಿನ ತ್ರಿಕೋನ, ಯಾರು ಯಾರಿಗೆ ದಾರಿ ಬಿಡಬೇಕು, ಎಲ್ಲ ಅವಳಿಗೆ ಬಾಯಿಪಾಠ.

ಮಗಳ ಮಾತು ಕೇಳಿ ಅಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಹೊರಗೆ ಮಾತ್ರ ಮುಖ ಗಂಭೀರ ಮಾಡಿಕೊಂಡು, "ಯೋಚನೆ ಮಾಡು ಮಗಳೇ, ಆತುರ ಬೇಡ," ಎಂದ. ಮರುಕ್ಷಣದಲ್ಲೇ, "ಕಲಿಯೋಕೆ ಬರೋ ಹೆಂಗಸರೆಲ್ಲ ಲೇಡಿ ಮೇಷ್ಟ್ರು ಇಲ್ವಾ ಅಂತ ಕೇಳ್ತಾನೇ ಇರ್ತಾರೆ. ನೀನು ಬಂದ್ರೆ ಅನುಕೂಲ" ಎಂದೂ ಸೇರಿಸಿದ.

ಸೋದರಮಾವ ಫೋನಿನಲ್ಲಿ ವಿಷಯ ತಿಳಿದು ನಕ್ಕ. "ನಾನು ಆಗಲೇ ಹೇಳಿದ್ದೆ. ಮಾನವಶಾಸ್ತ್ರ ಓದಿದ್ರೆ ಮಾನ ಉಳಿಯುತ್ತೆ, ಸಂಬಳ ಬರಲ್ಲ."

ಅಮ್ಮ ಮಾತ್ರ ಅಡುಗೆಮನೆಗೆ ಹೋದಳು. ಅವಳು ಸಿಟ್ಟು ಬಂದರೆ ಪಾತ್ರೆ ಕುಕ್ಕುವವಳಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವವಳು. ಅಂದು ಒಂದೇ ಬಾಣಲೆ ಮೂರು ಸಲ ಥಳಥಳಿಸಿತು.

ಬಿಡುವ ಮೊದಲು ಪ್ರೊಫೆಸರಿಗೆ ಒಂದು ಮಾತು ಹೇಳಿ ಬರುವುದು ಮರ್ಯಾದೆ ಎಂದು ಯಾಕಮ್ಮ ವಿಭಾಗಕ್ಕೆ ಹೋದಳು. ನಿವೃತ್ತಿಯ ಹತ್ತಿರ ಬಂದಿದ್ದ ಆ ಮೇಡಂ ಕಿಟಕಿಯ ಬಳಿಯ ಕುಂಡದ ಗಿಡಕ್ಕೆ ನೀರು ಹಾಕುತ್ತಿದ್ದರು.

"ಬಿಡಬೇಡ ಅಂತ ನಾನು ಹೇಳಲ್ಲ," ಎಂದರು. "ಕೆಲಸ ಸಿಗುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮಾನವಶಾಸ್ತ್ರ ಓದಿದವರು ಬೇಕಾಗಿದ್ದಾರೆ ಅಂತ ಜಾಹೀರಾತು ನನ್ನ ಜನ್ಮದಲ್ಲಿ ನಾನೂ ಹೆಚ್ಚು ನೋಡಿಲ್ಲ. ಆದ್ರೆ ಜನ ಯಾಕೆ ಹೀಗೆ ಮಾಡ್ತಾರಪ್ಪಾ ಅಂತ ತಲೆ ಚಚ್ಚಿಕೊಳ್ಳೋ ಕಚೇರಿಗಳು ಬೇಕಾದಷ್ಟಿವೆ. ಅವರಿಗೆ ಉತ್ತರ ಬೇಕು ಅನ್ನೋದು ಗೊತ್ತು. ನೀನು ಬೇಕು ಅನ್ನೋದು ಗೊತ್ತಿಲ್ಲ. ಅದನ್ನ ನೀನೇ ಹೋಗಿ ಅವರ ತಲೆಗೆ ಹೋಗೋ ಹಾಗೆ ಹೇಳಬೇಕು. ಅಷ್ಟು ಓಡಾಡೋ ಮನಸ್ಸಿದ್ರೆ ಮುಗಿಸು."

"ಮನಸ್ಸು ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ ಮೇಡಂ."

"ರಜೆ ಮುಗಿಯೋವರೆಗೂ ಸಮಯ ಇದೆಯಲ್ಲ. ಉಳಿದಿರೋದು ಪ್ರಬಂಧ ಒಂದೇ. ಅಷ್ಟರೊಳಗೆ ನಿನಗೆ ನಿಜವಾಗಲೂ ಕಾಡೋ ಒಂದು ಪ್ರಶ್ನೆ ಸಿಕ್ಕಿದ್ರೆ ಬಾ. ಸಿಗದೇ ಇದ್ರೆ ಗಾಡಿ ಕಲಿಸು. ಅದೂ ಒಳ್ಳೇ ಕೆಲಸವೇ."

ಮರುದಿನದಿಂದ ಯಾಕಮ್ಮ ಅಪ್ಪನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಕಲಿಸುವುದನ್ನು ಕಲಿಯತೊಡಗಿದಳು. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಫೀಸು. ಆಫೀಸಿನಲ್ಲಿ ಹೆಚ್ಚಾಗಿ ಲೈಸೆನ್ಸ್ ನವೀಕರಣಕ್ಕೆ ಬರುವವರ ಕೆಲಸ. ಒಂದು ದಿನ ಮಕ್ಕಳ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಅಪ್ಪನ ಹಳೆಯ ಶಿಷ್ಯೆ.

"ಗಾಡಿ ಯಾವುದು ನಿಮ್ಮದು?" ಎಂದು ಯಾಕಮ್ಮ ಸುಮ್ಮನೆ ಕೇಳಿದಳು.

"ಗಾಡಿ ಇದೆ, ಆದ್ರೆ ನಾನು ಓಡಿಸಲ್ಲ."

"ಯಾಕೆ?"

"ಯಾಕೋ... ಓಡಿಸಲೇ ಇಲ್ಲ ನೋಡಿ. ಲೈಸೆನ್ಸ್ ಬಂದ ಮೇಲೆ ಒಂದ್ಸಲವೂ ಇಲ್ಲ." ಅವಳೇ ಆ ಉತ್ತರಕ್ಕೆ ಬೆರಗಾದವಳಂತೆ ನಕ್ಕಳು.

ಆ ವಾರ ಬಂದ ಇನ್ನೊಬ್ಬಳೂ ಹಾಗೇ ಅಂದಳು. ಆಮೇಲೆ ಮತ್ತೊಬ್ಬಳು. ಎಲ್ಲರೂ ಮೊದಲ ಸಲದ ಪರೀಕ್ಷೆಯಲ್ಲೇ, ಗಾಡಿಯನ್ನು ಹಿಮ್ಮುಖವಾಗಿ ನಿಲ್ಲಿಸುವುದರಲ್ಲಿ ಗಂಡಸರನ್ನೂ ಮೀರಿಸಿ ಪಾಸಾದವರು! ಹಣ ಕೊಟ್ಟು, ಬೆವರು ಸುರಿಸಿ ಕಲಿತವರು ಯಾಕೆ ಓಡಿಸುವುದಿಲ್ಲ? ಅಪ್ಪನನ್ನು ಕೇಳಿದರೆ, "ಕಲಿಸೋದು ನನ್ನ ಕೆಲಸ, ಓಡಿಸೋದು ಅವರ ಇಷ್ಟ" ಎಂದು ಹೇಳಿ ಗಾಜು ಒರೆಸಲು ಹೋದ.

ಯಾಕಮ್ಮನಿಗೆ ಸುಮ್ಮನಿರಲಾಗಲಿಲ್ಲ. ಹಳೆಯ ಶಿಷ್ಯೆಯರ ಮನೆಗೇ ಹೋಗತೊಡಗಿದಳು. ಹೊಲಿಗೆ ಯಂತ್ರದ ಪಕ್ಕ ಕೂತಳು, ಔಷಧಿ ಅಂಗಡಿಯ ಕೌಂಟರಿನ ಒಳಗೆ ನಿಂತಳು, ಒಬ್ಬಳ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಮೊದಲು ಎಲ್ಲರೂ ಹೇಳುತ್ತಿದ್ದುದು ಒಂದೇ: ಬೀದಿ ಇಕ್ಕಟ್ಟು, ಗಾಡಿ ಹೊಸದು, ಸಮಯ ಇಲ್ಲ. ಎರಡನೆಯ ಲೋಟ ಚಹಾ ಮುಗಿಯುವ ಹೊತ್ತಿಗೆ ಬೇರೆ ಮಾತು ಹೊರಬರುತ್ತಿತ್ತು. ಪಕ್ಕದಲ್ಲಿ ಕೂತ ಗಂಡ "ನಿಧಾನ, ನಿಧಾನ" ಎಂದು ಜಪ ಮಾಡುವುದು, ಹಿಂದೆ ಕೂತ ಮಗ ನಗುವುದು, ಅತ್ತೆ ಕಣ್ಣು ಮುಚ್ಚಿ ಕೂರುವುದು. ಔಷಧಿ ಅಂಗಡಿಯವಳು ಹೇಳಿದ್ದನ್ನು ಕೇಳಿ ಯಾಕಮ್ಮ ಜೋರಾಗಿ ನಕ್ಕುಬಿಟ್ಟಳು.

"ಗಾಡಿ ಓಡಿಸೋದು ಬರುತ್ತಮ್ಮ. ಪಕ್ಕದಲ್ಲಿ ಕೂತೋರನ್ನ ಓಡಿಸೋದು ಬರಲ್ಲ."

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳಿಗೆ ಥಟ್ಟನೆ ಹೊಳೆಯಿತು. ನಮ್ಮಮ್ಮನೂ ಓಡಿಸುವುದಿಲ್ಲವಲ್ಲ! ಊರಿಗೆಲ್ಲ ಗಾಡಿ ಕಲಿಸುವವನ ಹೆಂಡತಿ, ಬೆಂಚಿನ ಮೇಲಿನ ಎಲ್ಲರಿಗೂ ರಸ್ತೆಯ ನಿಯಮ ಹೇಳಿಕೊಡುವವಳು, ತರಕಾರಿಗೆ ನಡೆದೇ ಹೋಗುತ್ತಾಳೆ. ಇಷ್ಟು ವರ್ಷ ಇದನ್ನು ನೋಡಿಯೂ ತನಗೆ ಒಮ್ಮೆಯೂ "ಯಾಕೆ?" ಎಂದು ಕೇಳಬೇಕೆನಿಸಿರಲಿಲ್ಲ.

ಅಮ್ಮ ಮನೆಯ ಹಿಂದಿನ ತಾರಸಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಯಾಕಮ್ಮ ಹೋಗಿ ಕ್ಲಿಪ್ಪು ಕೊಡುತ್ತ ನಿಂತಳು.

"ಅಮ್ಮಾ, ನಿನ್ನ ಹತ್ರ ಲೈಸೆನ್ಸ್ ಇದೆಯಾ?"

"ಇದೆ. ನೀನು ಹುಟ್ಟೋ ಮುಂಚೇನೇ ತಗೊಂಡಿದ್ದು."

"ಮತ್ತೆ ಯಾಕೆ ಓಡಿಸಲ್ಲ?"

ಅಮ್ಮ ದಿಂಬಿನ ಚೀಲವನ್ನು ಕೊಡವಿದಳು. ಇನ್ನೊಂದನ್ನು ಎತ್ತಿಕೊಂಡಳು.

"ನಿಮ್ಮಪ್ಪನೇ ಕಲಿಸಿದ್ದು. ತುಂಬ ಪ್ರೀತಿಯಿಂದ ಕಲಿಸಿದ್ರು, ಒಂದು ದಿನವೂ ಗದರಲಿಲ್ಲ. ಆದ್ರೆ ನಾನು ಬ್ರೇಕ್ ಒತ್ತೋ ಮುಂಚೆ ಅವರ ಕಾಲು ಒತ್ತಿರೋದು. ಪ್ರತಿ ಸಲ. ಗಾಡಿ ನಿಂತಿದ್ದು ನನ್ನಿಂದಲೋ ಅವರಿಂದಲೋ ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ. ಲೈಸೆನ್ಸ್ ಬಂತು. ಒಬ್ಬಳೇ ಹೋಗಿ ಕೂತೆ, ಸ್ಟಾರ್ಟ್ ಮಾಡಿದೆ. ಇದನ್ನ ನಿಲ್ಲಿಸೋಕೆ ನನಗೆ ಬರುತ್ತಾ ಅಂತ ಅನ್ನಿಸ್ತು. ಆಫ್ ಮಾಡಿ ಇಳಿದುಬಂದೆ. ಅಷ್ಟೇ."

"ಅಪ್ಪನಿಗೆ ಹೇಳಲಿಲ್ವಾ?"

"ಏನಂತ ಹೇಳೋದು? ನನ್ನ ಮೇಲೆ ಇಷ್ಟು ಕಾಳಜಿ ಮಾಡಬೇಡಿ ಅಂತಲಾ?"

ಹಿಂಬಾಗಿಲಲ್ಲಿ ಸದ್ದಾಯಿತು. ಊಟಕ್ಕೆಂದು ಮೇಲೆ ಬಂದಿದ್ದ ಅಪ್ಪ ಚಪ್ಪಲಿ ಅರ್ಧ ಬಿಟ್ಟು ಅಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಚಪ್ಪಲಿ ಮತ್ತೆ ಹಾಕಿಕೊಂಡು ಕೆಳಗಿಳಿದುಹೋದ. ಅಂದು ಅವನು ಊಟ ಮಾಡಲಿಲ್ಲ. ಸಂಜೆಯ ಪಾಠದಲ್ಲಿ ಒಬ್ಬ ಶಿಷ್ಯ ಕಸದ ಡಬ್ಬಿಗೆ ಗುದ್ದಿದ. ಬ್ರೇಕ್ ಮೇಷ್ಟ್ರ ಗಾಡಿಗೆ ಮೊದಲ ಗೀರು ಬಿತ್ತು.

ಮೂರನೆಯ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅಪ್ಪನೇ ಬಾಯಿಬಿಟ್ಟ.

"ನಾನೇನು ನಿನ್ನನ್ನ ಹೋಗಿ ಲಾರಿಗೆ ಗುದ್ದು ಅಂತ ಬಿಡಬೇಕಿತ್ತೇನೇ?"

"ನಾನು ಹಾಗಂದ್ನಾ?" ಎಂದಳು ಅಮ್ಮ.

"ನಿನಗೆ ಏನೂ ಆಗಬಾರದು ಅಂತ ತಾನೇ ಒತ್ತಿದ್ದು."

"ಗೊತ್ತು ರೀ. ನನಗೆ ಏನೂ ಆಗಲೂ ಇಲ್ಲ. ನಡ್ಕೊಂಡೇ ಓಡಾಡಿದ್ದೀನಲ್ಲ."

ಅಪ್ಪನಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಅಮ್ಮ ನೀರಿನ ಲೋಟ ಮುಂದೆ ಸರಿಸಿ, ಅವನ ಬೆನ್ನನ್ನು ಒಂದೆರಡು ಸಲ ಸವರಿದಳು. ಯಾಕಮ್ಮ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಭಾನುವಾರ ಅಪ್ಪ ಸೋದರಮಾವನ ಕಾರನ್ನು ಕೇಳಿ ತಂದ. ಅದರಲ್ಲಿ ಬ್ರೇಕ್ ಇದ್ದದ್ದು ಓಡಿಸುವವರ ಕಾಲಡಿ ಮಾತ್ರ. ಕೀಲಿಯನ್ನು ಅಮ್ಮನ ಕೈಗಿಟ್ಟ. ಅಮ್ಮ ಮೊದಲು ಒಲ್ಲೆ ಎಂದಳು, ಆಮೇಲೆ ಒಳಗೆ ಹೋಗಿ ಬೇರೆ ಚಪ್ಪಲಿ ಹಾಕಿಕೊಂಡು ಬಂದಳು. ಮುಂದೆ ಅವಳ ಪಕ್ಕ ಯಾಕಮ್ಮ. ಹಿಂದೆ ಅಪ್ಪ, ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದುಕೊಂಡು.

ಅಮ್ಮ ಬೀದಿ ದಾಟಿ ಗಾಡಿಯನ್ನು ದೊಡ್ಡ ರಸ್ತೆಗೆ ತಂದಳು. ಪ್ರತಿ ತಿರುವಿನಲ್ಲೂ ಹಿಂದಿನಿಂದ ದಪ್ಪೆಂದು ಸದ್ದು ಬರುತ್ತಿತ್ತು. ಯಾಕಮ್ಮ ತಿರುಗಿ ನೋಡಿದಳು. ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅವಳು ನಗು ತಡೆದುಕೊಂಡು ಮುಂದೆ ತಿರುಗಿದಳು.

ಸೇತುವೆಯ ಏರಿನಲ್ಲಿ ಗಾಡಿ ನಿಂತುಹೋಯಿತು. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಅಮ್ಮನ ಕುತ್ತಿಗೆಯ ಮೇಲೆ ಬೆವರು ಇಳಿಯಿತು. ಅಪ್ಪ, "ನೋಡೇ, ಕ್ಲಚ್ಚು..." ಎಂದವನು ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟುಕೊಂಡ. ಕಣ್ಣನ್ನೂ ಮುಚ್ಚಿಕೊಂಡ. ಗಾಡಿ ಸ್ವಲ್ಪ ಹಿಂದಕ್ಕೆ ಜಾರಿತು. ಅಮ್ಮ ಬ್ರೇಕ್ ಒತ್ತಿದಳು. ನಿಂತಿತು. ಮತ್ತೆ ಸ್ಟಾರ್ಟ್ ಮಾಡಿ, ಬೆಂಚಿನವರಿಗೆ ಪಾಠ ಹೇಳುವ ದನಿಯಲ್ಲಿ ತನಗೆ ತಾನೇ ಏನೋ ಹೇಳಿಕೊಳ್ಳುತ್ತ ಏರು ಹತ್ತಿಸಿದಳು.

"ಕಣ್ಣು ಬಿಡಿ, ಬದುಕಿದ್ದೀವಿ," ಎಂದಳು.

ಅಪ್ಪ ಕಣ್ಣು ಬಿಟ್ಟ. "ನೀನು ನಿಲ್ಲಿಸಿದ್ದು," ಎಂದ ಮೆಲ್ಲಗೆ.

"ಹೂಂ. ನಾನೇ."

ಅಂದು ಸಂಜೆ ಯಾಕಮ್ಮ ಪ್ರೊಫೆಸರಿಗೆ ಫೋನು ಮಾಡಿ, ಪ್ರಶ್ನೆ ಸಿಕ್ಕಿದೆ ಎಂದಳು. ಕೆಲಸದ ಚಿಂತೆಯೇನೂ ಕರಗಿರಲಿಲ್ಲ. ಸೋಫಾ ಅಂಗಡಿ ಅಲ್ಲೇ ಇತ್ತು. ಆದರೆ ಆ ಹೆಂಗಸರು ಇನ್ನೂ ಹೇಳದೆ ಉಳಿಸಿಕೊಂಡಿದ್ದನ್ನು ಕೇಳದೆ ಬಿಟ್ಟರೆ ತನಗೆ ನಿದ್ದೆ ಬರುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು. ಅಪ್ಪನ ಎದುರು ಹೋಗಿ ಹೇಳಿದಳು.

"ಮುಗಿಸ್ತೀನಪ್ಪ."

"ಮುಗಿಸಿ ಏನು ಮಾಡ್ತೀಯಾ?"

"ಗೊತ್ತಿಲ್ಲ."

ಅಪ್ಪನ ನಾಲಿಗೆಯ ತುದಿಯವರೆಗೆ ಬುದ್ಧಿಮಾತು ಬಂದದ್ದು ಕಾಣುತ್ತಿತ್ತು. ಅದನ್ನು ನುಂಗಿಕೊಂಡ. "ಸರಿ, ಓಡಿಸು. ನಾನು ಹಿಂದೆ ಕೂತಿರ್ತೀನಿ," ಎಂದ. ಆಮೇಲೆ ನೆನಪಾದವನಂತೆ, "ಪ್ರಬಂಧದಲ್ಲಿ ನನ್ನ ಹೆಸರು ಹಾಕ್ತೀಯೇನು?"

"ಯಾರ ಹೆಸರೂ ಹಾಕಲ್ಲ. 'ಮೊದಲೇ ಬ್ರೇಕ್ ಒತ್ತುವ ಒಬ್ಬ ಶಿಕ್ಷಕ' ಅಂತ ಅಷ್ಟೇ."

"ಹಾಗಂದ್ರೆ ಇಡೀ ಊರಿಗೇ ಗೊತ್ತಾಗುತ್ತಲ್ಲೇ!"

ಅಡುಗೆಮನೆಯಿಂದ ಅಮ್ಮನ ನಗು ಕೇಳಿಸಿತು.

ಪ್ರಬಂಧ ಮುಗಿಯಿತು, ಪದವಿಯೂ ಬಂತು. ಕೆಲಸ ಬರಲಿಲ್ಲ. ಬೆಳಿಗ್ಗೆ ಹೊತ್ತು ಅವಳು ಲೈಸೆನ್ಸ್ ಇದ್ದೂ ಓಡಿಸದ ಹೆಂಗಸರನ್ನು ಕೂರಿಸಿಕೊಂಡು ರಸ್ತೆಗೆ ಹೋಗುತ್ತಿದ್ದಳು. ತನ್ನ ಕಾಲಡಿಯ ಬ್ರೇಕಿನ ಮೇಲೆ ಕಾಲಿಡದೆ, ಮಡಚಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. ಮಧ್ಯಾಹ್ನ ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿ ಕಚೇರಿ ಅಲೆದಳು. ವಿಮಾ ಕಂಪನಿಯಲ್ಲಿ ಕೂರಿಸಿ ನೀರು ಕೊಟ್ಟು ಕಳಿಸಿದರು. ಕಾರು ಮಾರುವವರು ಅವಳಿಗೇ ಕಾರು ಮಾರಲು ನೋಡಿದರು. ಎಷ್ಟೋ ದಿನ ಸಪ್ಪೆ ಮುಖ ಹಾಕಿಕೊಂಡು ಬಂದಳು. ಅಂಥ ದಿನ ಅಪ್ಪ ಏನೂ ಕೇಳುತ್ತಿರಲಿಲ್ಲ. ಅದು ಅವನಿಗೆ ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು.

ಕೊನೆಗೆ ನಗರದ ಬಸ್ಸುಗಳನ್ನು ನಡೆಸುವ ಕಚೇರಿಯಲ್ಲಿ ಒಬ್ಬ ಅಧಿಕಾರಿ ಅವಳ ಮಾತನ್ನು ಪೂರ್ತಿ ಕೇಳಿದ. ಹೊಸದಾಗಿ ಬಿಟ್ಟ ಒಂದು ಮಾರ್ಗದಲ್ಲಿ ಜನ ಹತ್ತುತ್ತಲೇ ಇರಲಿಲ್ಲ. ಹಳೆಯ ಮಾರ್ಗದ ಬಸ್ಸಿನಲ್ಲೇ ನೇತಾಡಿಕೊಂಡು ಹೋಗುತ್ತಿದ್ದರು. "ಅರ್ಥವೇ ಆಗ್ತಿಲ್ಲ," ಎಂದ. "ಒಂದು ಆರು ತಿಂಗಳು ನೋಡಿ ಹೇಳ್ತೀರಾ?" ಸಂಬಳ ಸೋದರಮಾವ ಹೆದರಿಸಿದ್ದಕ್ಕಿಂತ ಹೆಚ್ಚು, ಅವಳು ಆಸೆಪಟ್ಟದ್ದಕ್ಕಿಂತ ಕಡಿಮೆ.

ಕಚೇರಿಯಲ್ಲಿ ಅವಳಿಗೆ ಮೇಜು ಇರಲಿಲ್ಲ. ಮೊದಲ ದಿನವೇ ಅವಳು ಹೊಸ ಮಾರ್ಗದ ಖಾಲಿ ಬಸ್ಸು ಹತ್ತಿದಳು. ಒಳಗೆ ಇದ್ದದ್ದು ಒಬ್ಬ ಅಜ್ಜಿ ಮಾತ್ರ, ರಿಪೇರಿಗೆ ಒಯ್ಯುತ್ತಿದ್ದ ಗೋಡೆ ಗಡಿಯಾರವನ್ನು ಮಡಿಲಲ್ಲಿ ಇಟ್ಟುಕೊಂಡು. ಯಾಕಮ್ಮ ಹೋಗಿ ಅವಳ ಪಕ್ಕದಲ್ಲೇ ಕೂತಳು.

"ಅಜ್ಜಿ, ಈ ಬಸ್ಸಿಗೆ ಬೇರೆ ಯಾರೂ ಯಾಕೆ ಹತ್ತಲ್ಲ?"

ಅಜ್ಜಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿನಗೆ ಎಷ್ಟು ಹೊತ್ತಿದೆ?" ಎಂದಳು.

"ಬೇಕಾದಷ್ಟಿದೆ."

ಅಜ್ಜಿ ಗಡಿಯಾರವನ್ನು ಆಚೆ ಬದಿಯ ಸೀಟಿನ ಮೇಲಿಟ್ಟು, ಕಾಲು ನೀಡಿಕೊಂಡು, ಶುರುಮಾಡಿದಳು.