ಚೀಲದ ತಳ ಮುಟ್ಟುವ ಮಾಸ್ತರರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಬಾಯಲ್ಲಿ ಹೊಳೆಯುವ ಕಾಯಿಯನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಮುರಿದು, ಮೂಸಿ ನೋಡುತ್ತಾರೆ. ನಮ್ಮ ಶಮಶೇರಸಾಬ ಮಾಸ್ತರರು ಇಂಗ್ಲಿಷ್ ಟ್ಯೂಶನ್ ಹೇಳುವವರು, ಜನ್ಮದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದವರಲ್ಲ. ಆದರೂ ಬದನೆಕಾಯಿಯ ಬುಟ್ಟಿಯಿರಲಿ, ಬೀಗರ ಮಾತಿರಲಿ, ಅವರ ಕೈ ತಾನಾಗಿ ತಳಕ್ಕಿಳಿಯುತ್ತದೆ. ಏಪ್ರಿಲ್ ಬಿಸಿಲಲ್ಲೂ ಕಪ್ಪು ಕೋಟು. ಆಗಾಗ ನಿಂತು ಹಿಂದಿರುಗಿ ನೋಡುವ, ಶತ್ರುಸೈನ್ಯ ಬೆನ್ನಟ್ಟಿದ ದಂಡನಾಯಕನ ನಡಿಗೆ.

ಅವರ ಪರಮವೈರಿಗಳೆಂದರೆ ಇಂಗ್ಲಿಷಿನ ಅವಳಿ ಕ್ರಿಯಾಪದಗಳು. ‘ಸ್ಟಾಪ್ಡ್ ಸ್ಮೋಕಿಂಗ್’ ಎಂದರೆ ಬೀಡಿ ಬಿಟ್ಟವನು, ‘ಸ್ಟಾಪ್ಡ್ ಟು ಸ್ಮೋಕ್’ ಎಂದರೆ ಬೀಡಿ ಸೇದಲೆಂದೇ ನಿಂತವನು. “ಇಬ್ರೂ ಒಂದ ಅಂಗಿ ಹಾಕ್ಕೊಂಡು ಬರ್ತಾರ. ಮೊದ್ಲ ಕಿಸೆ ಮುಟ್ಟಿ ನೋಡ್ರಿ,” ಎಂದು ಹುಡುಗರನ್ನು ಎಚ್ಚರಿಸುತ್ತಾರೆ.

ಮಗಳು ತರನ್ನುಮಳನ್ನು ನೋಡಲು ಬಂದ ವರಗಳಿಗೂ ಇದೇ ಅಗ್ನಿಪರೀಕ್ಷೆ. ಹಾವೇರಿಯ ಹುಡುಗ ತಪ್ಪು ಹೇಳಿ ದಡ್ಡನೆನಿಸಿಕೊಂಡ. ಅಗಡಿಯವನು ಸರಿಯಾಗಿ ಹೇಳಿ, ಯಾರೋ ಮೊದಲೇ ಹೇಳಿಕೊಟ್ಟಿದ್ದಾರೆಂಬ ಗುಮಾನಿಗೆ ಬಲಿಯಾದ. ಆಮೇಲೆ ಬಂದವನು ರಾಣೆಬೆನ್ನೂರಿನ ಬೀಜದಂಗಡಿಯ ಮುಜಾಫರ. ಅವನು ತರನ್ನುಮಳಿಗೆ ಒಪ್ಪಿಗೆಯಾಗಿದ್ದ. ಆ ಸಂಗತಿ ಅವಳ ತಾಯಿ ರಸೂಲಬಿಗೂ, ನೆರೆಮನೆಯವನೆಂಬ ಅಧಿಕಾರದಿಂದ ಬಾಗಿಲಲ್ಲಿ ಕುಳಿತಿದ್ದ ನನಗೂ ಗೊತ್ತಿತ್ತು. ಮಾಸ್ತರರು ಎರಡೂ ವಾಕ್ಯಗಳನ್ನು ಜೋಡಿಖಡ್ಗದಂತೆ ಝಳಪಿಸಿ, ವ್ಯತ್ಯಾಸವೇನೆಂದು ಕೇಳಿದರು.

“ನನಗ ಗೊತ್ತಿಲ್ರಿ,” ಎಂದ ಮುಜಾಫರ, ಅವಲಕ್ಕಿ ತಿನ್ನುವುದನ್ನು ನಿಲ್ಲಿಸದೆ.

ಮಾಸ್ತರರ ಮುಖ ಬಿಳಿಚಿತು. ಇಂಥ ಅಸ್ತ್ರವನ್ನು ಅವರು ಕಂಡೇ ಇರಲಿಲ್ಲ. ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು: “ಇಷ್ಟು ಸರಳಾಗಿ ‘ಗೊತ್ತಿಲ್ಲ’ ಅಂತಾನಂದ್ರ ಏನೋ ಮುಚ್ಚಾಕತ್ತಾನ. ಒಲ್ಲೆ ಅಂತ ಹೇಳಿಬಿಡ್ತೇನಿ.”

ಚಹಾ ಸೋಸುತ್ತಿದ್ದ ತರನ್ನುಮ ತಲೆಯೆತ್ತಲಿಲ್ಲ. “ಅಬ್ಬಾಜಿ, ತಳ ಮುಟ್ಟಿದ ಮ್ಯಾಲ ಕೈ ಹೊರಗ ತಗೀಬೇಕು. ಅಲ್ಲೇ ಇಟ್ಕೊಂಡು ಕುಂತ್ರ ಕೈಯಷ್ಟ ಉರೀತದ.”

ಮಾಸ್ತರರು ತಮ್ಮ ಬಲಗೈಯನ್ನು ಬಹಳ ಹೊತ್ತು ನೋಡಿಕೊಂಡರು. ಕೋಟಿಗೆ ಒರೆಸಿದರು. ಹೊರಗೆ ಹೋಗಿ, ಅದೇ ಕೈಯಿಂದ ಮುಜಾಫರನ ಬಾಯಿಗೆ ಒಪ್ಪಿಗೆಯ ಸಕ್ಕರೆ ಹಾಕಿದರು. ಮದುವೆಯ ದಿನ ಬಿರ್ಯಾನಿ ಹಂಡೆಯ ತಳಕ್ಕೆ ಸೌಟು ಇಳಿಸಿ ನೋಡುತ್ತಿದ್ದವರು ಯಾರೆಂದು ನಾನು ಹೇಳಬೇಕಿಲ್ಲ.

ಸಂಶಯಗಾರರ ಕುಲವೇ ಹೀಗೆ. ಮೋಸ ಸಿಕ್ಕರೆ ಹಾಯಾಗಿ ನಿದ್ದೆ ಮಾಡುತ್ತಾರೆ, ಸಿಗದಿದ್ದರೆ ಹೊರಳಾಡುತ್ತಾರೆ. ಅವರ ಮನೆಯಲ್ಲಿ ಶುಭಕಾರ್ಯ ನಡೆಯಬೇಕಾದರೆ, ಚೀಲದೊಳಗಿನ ಕೈಯನ್ನು ಮೆಲ್ಲಗೆ ಹೊರಗೆಳೆಯುವವರೊಬ್ಬರು ಆ ಮನೆಯಲ್ಲೇ ಹುಟ್ಟಿರಬೇಕು.